ಬಲೀಂದ್ರನ ಹಬ್ಬ

ದೀಪಾವಳಿಯನ್ನು ಏಕೆ ಆಚರಿಸುತ್ತೇವೆಂದು ತರಗತಿಯಲ್ಲಿ ಕೇಳಿದಾಗಲೆಲ್ಲ ಮಕ್ಕಳು ನರಕಾಸುರನ ವಧೆಯನ್ನೋ, ಶ್ರೀರಾಮನು ಅಯೋಧ್ಯೆಗೆ ಮರಳಿದ ಕಥೆಯನ್ನೋ ಹೇಳುತ್ತಿದ್ದರು. ಬಲಿಚಕ್ರವರ್ತಿಯ ಹೆಸರೆತ್ತುವವರು ಅಪರೂಪ. ಅದೂ ಬಲಿಪಾಡ್ಯಮಿಗೆ ರಜೆ ಕೊಡುವ ನಮ್ಮ ನಾಡಿನಲ್ಲಿ! ನನ್ನ ದೃಷ್ಟಿಯಲ್ಲಿ ಕನ್ನಡನಾಡಿನ ದೀಪಾವಳಿ ಮುಖ್ಯವಾಗಿ ಬಲಿಯ ಹಬ್ಬವೇ.

ಬಲಿಯ ಸಂಬಂಧ ಬಹಳ ಹಳೆಯದು. 1030ರ ಸುಮಾರಿಗೆ ಭಾರತದ ಬಗ್ಗೆ ಬರೆದ ಅಲ್‌ಬೆರೂನಿ, ಕಾರ್ತಿಕದ ಮೊದಲ ದಿನ ಜನರು ಮಿಂದು, ಒಳ್ಳೆಯ ಉಡುಪು ತೊಟ್ಟು, ಪರಸ್ಪರ ಎಲೆ ಅಡಿಕೆ ಕೊಟ್ಟುಕೊಂಡು, ರಾತ್ರಿ ಎಲ್ಲೆಡೆ ದೀಪ ಹಚ್ಚುವುದನ್ನು ವರ್ಣಿಸಿದ್ದಾನೆ. ಪಾತಾಳದಲ್ಲಿ ಸೆರೆಯಾಗಿರುವ ಬಲಿಯನ್ನು ಲಕ್ಷ್ಮಿಯು ವರ್ಷಕ್ಕೊಮ್ಮೆ ಬಿಡುಗಡೆ ಮಾಡುತ್ತಾಳೆ. ಆದ್ದರಿಂದ ಇದಕ್ಕೆ ಬಲಿರಾಜ್ಯವೆಂದು ಹೆಸರು ಎಂಬುದು ಅವನು ಕೊಡುವ ಕಾರಣ. ಅವನು ಬಲ್ಲದ್ದು ಉತ್ತರದ ನಾಡನ್ನು. ಅಲ್ಲಿ ಬಲಿ ಕ್ರಮೇಣ ಹಿಂದೆ ಸರಿದ, ನಮ್ಮಲ್ಲಿ ಉಳಿದುಕೊಂಡ.

ರಾಷ್ಟ್ರಕೂಟರ ಕಾಲದಲ್ಲಿ, 959ರಲ್ಲಿ, ಸೋಮದೇವಸೂರಿ ಮುಗಿಸಿದ ‘ಯಶಸ್ತಿಲಕ ಚಂಪು’ವಿನಲ್ಲಿ ಸುಣ್ಣ ಬಳಿದ ಮನೆಗಳೂ ಮಾಳಿಗೆಯ ಮೇಲಿನ ದೀಪಸಾಲುಗಳೂ ಬರುತ್ತವೆ. ಹದಿನೈದನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ನಿಕೊಲೊ ಕೊಂಟಿ, ದೇಗುಲಗಳ ಒಳಗೂ ಮಾಡಿನ ಮೇಲೂ ಹಗಲಿರುಳು ಉರಿಯುವ ಲೆಕ್ಕವಿಲ್ಲದಷ್ಟು ಎಣ್ಣೆದೀಪಗಳನ್ನು ಹೇಳುತ್ತಾನೆ. ಹಬ್ಬದ ಹೆಸರನ್ನು ಅವನು ಬರೆದಿಲ್ಲ. ವರ್ಣನೆ ಮಾತ್ರ ದೀಪಾವಳಿಗೇ ಒಪ್ಪುತ್ತದೆ. ಒಂದು ಶತಮಾನದ ತರುವಾಯ ಬಂದ ಡೊಮಿಂಗೊ ಪಾಯೆಸನು, ಅಕ್ಟೋಬರಿನ ಅಮಾವಾಸ್ಯೆಯೊಂದಿಗೆ ಇಲ್ಲಿ ಹೊಸ ವರ್ಷ ಮೊದಲಾಗುತ್ತದೆಂದೂ ಅಂದು ಎಲ್ಲರೂ ಹೊಸ ಬಟ್ಟೆ ಉಡುತ್ತಾರೆಂದೂ ತಿಳಿಸುತ್ತಾನೆ. ಪಾಡ್ಯದ ದಿನ ಲೆಕ್ಕದ ಪುಸ್ತಕ ಬದಲಿಸುವ ವರ್ತಕರನ್ನು ಕಂಡವರಿಗೆ ಈ ಮಾತು ಹೊಸದೆನಿಸದು.

ಆದರೆ ಬಲಿಯನ್ನು ನಿಜವಾಗಿ ಕಾಣಬೇಕಾದರೆ ಗ್ರಂಥಗಳನ್ನು ಬಿಟ್ಟು ಹಳ್ಳಿಗಳಿಗೆ ಹೋಗಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ಪಾಡ್ಯದಂದು ಸೆಗಣಿಯ ಪಾಂಡವರನ್ನು ಮಾಡಿ ಚೆಂಡುಹೂ, ಉತ್ತರಾಣಿ ಸಿಕ್ಕಿಸುತ್ತಾರೆ. ಹಳೆಯ ಮೈಸೂರಿನ ಕಡೆ ಸೆಗಣಿಯಿಂದಲೇ ಬಲಿಯ ಕೋಟೆ ಕಟ್ಟುವುದುಂಟು. ತುಳುನಾಡಿನಲ್ಲಿ ಅಂಗಳದಲ್ಲಿ ಹಾಲೆಮರದ ಕಂಬ ನೆಟ್ಟು ಹೂವಿನಿಂದ ಸಿಂಗರಿಸುತ್ತಾರೆ. ಅದೇ ಬಲೀಂದ್ರ. ಕತ್ತಲಾದ ಮೇಲೆ ಗದ್ದೆಗೆ ದೀಪವಿಟ್ಟು, ಮನೆಯ ಯಜಮಾನ ಅವನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿ ಕರೆಯುತ್ತಾನೆ. ಆ ಕರೆಯಲ್ಲಿ ಒಂದು ವಿಚಿತ್ರವುಂಟು: ಈ ಲೋಕದಲ್ಲಿ ಎಂದೂ ಆಗಲಾರದ ಸಂಗತಿಗಳು ಆದಾಗ ಮರಳಿ ಬಂದು ರಾಜ್ಯವಾಳು, ಈಗ ನಿನ್ನ ಪೂಜೆಯನ್ನು ಕೈಕೊಂಡು ಹೋಗು ಎಂಬುದು ಅದರ ಸಾರ. ತುಳಿಯಲ್ಪಟ್ಟ ಅರಸನನ್ನು ಪ್ರಜೆಗಳು ಪ್ರೀತಿಯಿಂದ ಕರೆಯುತ್ತಾರೆ, ಅವನ ರಾಜ್ಯ ಮರಳದೆಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತಾರೆ. ಗೆದ್ದವನು ವಿಷ್ಣುವೇ ಆದರೂ ಆ ರಾತ್ರಿ ಕೂಗುವುದು ಸೋತವನ ಹೆಸರನ್ನು! ಇಂಥ ಹಬ್ಬವನ್ನು ಒಬ್ಬ ರಾಕ್ಷಸನ ಸಂಹಾರದ ಕಥೆಗೆ ಇಳಿಸಿಬಿಡುವುದು ನನಗೆ ಸರಿಕಾಣದು.

ಮಲೆನಾಡಿನಲ್ಲಿ ಬಲಿಯ ಹೆಸರಿನ ಜ್ಯೋತಿಯನ್ನು ಹಿಡಿದು ಅಂಟಿಗೆ ಪಂಟಿಗೆಯವರು ಪಾಡ್ಯದ ರಾತ್ರಿ ಹಾಡುತ್ತ ಮನೆಮನೆಗೆ ಬರುತ್ತಾರೆ. ದಾರಿಯಲ್ಲಿ ಅದು ನಂದಬಾರದು. ಹೀಗಾಗಿ ಪ್ರತಿ ಮನೆಯವರೂ ಬಾಗಿಲು ತೆರೆದು, ಆ ದೀಪದಿಂದ ತಮ್ಮ ದೀಪ ಹಚ್ಚಿಕೊಂಡು, ಅದಕ್ಕೆ ಎಣ್ಣೆ ಎರೆದು ಕಳುಹಿಸುತ್ತಾರೆ.