ಬಚ್ಚಲುಕೊಟ್ಟಿಗೆಯ ನಿರ್ವಹಣೆ

ಸುಳ್ಯ ತಾಲ್ಲೂಕಿನ ಮಂಡೆಕೋಲು ಮೊದಲಾದ ಅಡಿಕೆಸೀಮೆಯ ಗ್ರಾಮಗಳಲ್ಲಿ, ಒಲೆಯ ಮೇಲೆ ತಾಮ್ರದ ಹಂಡೆಯನ್ನು ಹೂಡಿ ನೀರು ಕಾಯಿಸುವ ಸ್ನಾನಗೃಹವನ್ನು ಶುಚಿಯಾಗಿಯೂ ಸುಸ್ಥಿತಿಯಲ್ಲಿಯೂ ಕಾಪಾಡುವ ಗೃಹಕೃತ್ಯ. ಅಡಿಕೆಯ ಸೋಗೆ, ತೆಂಗಿನ ಮಡಲು, ಕಾಯಿಸಿಪ್ಪೆಗಳೇ ಇಂಧನವಾದುದರಿಂದ ಹಂಡೆಯ ತಳದಲ್ಲಿ ಮಸಿ ದಪ್ಪಗಟ್ಟಿ ಉಷ್ಣಪ್ರವಾಹಕ್ಕೆ ಅಡ್ಡಿಯಾಗುವುದು. ಅದನ್ನು ಆಗಾಗ ಕೆರೆದು ತೆಗೆಯುವುದು ಅವಶ್ಯ. ಕಂಠಭಾಗದ ಕಿಲುಬನ್ನು ನೆನೆಸಿದ ಹುಣಸೆಹುಳಿಯಿಂದ ತಿಕ್ಕಿದಾಗ, ಅದರಲ್ಲಿರುವ ಟಾರ್ಟಾರಿಕ್ ಆಮ್ಲವು ತಾಮ್ರದ ಆಕ್ಸೈಡನ್ನು ಕರಗಿಸಿ ಲೋಹದ ಸಹಜವಾದ ಕೆಂಬಣ್ಣವನ್ನು ಹೊರಗೆಡಹುತ್ತದೆ. ಮಸಿಗಿಂತಲೂ ಅಪಾಯಕರವಾದುದು ಮಳೆಗಾಲದಲ್ಲಿ ನೆಲಗಲ್ಲಿಗೆ ಹತ್ತುವ ಹಾವಸೆ. ಇದನ್ನು ಗಟ್ಟಿ ಹಿಡಿಸೂಡಿಯಿಂದ ಉಜ್ಜುವರು. ಒಲೆಯ ಬೂದಿ ತೆಂಗಿನ ಬುಡಕ್ಕೂ ಬಚ್ಚಲ ನೀರು ಬಾಳೆ, ಕೆಸುಗಳಿಗೂ ಸಲ್ಲುತ್ತವೆ. ನರಕಚತುರ್ದಶಿಯ ಮುನ್ನಾದಿನದ ಸಂಜೆ ಹಂಡೆಯನ್ನು ಬೆಳಗಿ, ಶೇಡಿಯ (ಬಿಳಿ ಜೇಡಿಮಣ್ಣಿನ) ಗೆರೆಗಳನ್ನೆಳೆದು, ಕೊರಳಿಗೆ ಬಳ್ಳಿ ಸುತ್ತಿ ಹೊಸನೀರು ತುಂಬುವ ಆಚರಣೆಯೇ ಇದರ ವಾರ್ಷಿಕ ಶುದ್ಧಿ.