ಕೆಂಪು ರಕ್ತಕಣಗಳ ಮೇಲೆ ವಿರಳ ಭೂಲೋಹಗಳ ಪರಿಣಾಮ

ಲ್ಯಾಂಥನಮ್, ಸೀರಿಯಮ್, ಗ್ಯಾಡೋಲಿನಿಯಮ್ ಮುಂತಾದ ವಿರಳ ಭೂಲೋಹಗಳ ಅಯಾನುಗಳು ಪ್ರಾಣಿಗಳ ಕೆಂಪು ರಕ್ತಕಣದ ಪೊರೆಗೆ ಅಂಟಿಕೊಂಡು, ಅದರ ಮೂಲಕ ನಡೆಯುವ ಲವಣಗಳ ಸಾಗಾಟವನ್ನು ಏರುಪೇರು ಮಾಡುತ್ತವೆ. ಲ್ಯಾಂಥನಮ್ ಅಯಾನು ಗಾತ್ರದಲ್ಲಿ ಹೆಚ್ಚುಕಡಿಮೆ ಕ್ಯಾಲ್ಸಿಯಮ್‌ನಷ್ಟೇ. ಆದರೆ ಅದರ ಧನಾವೇಶ ಎರಡಲ್ಲ, ಮೂರು. ಹಾಗಾಗಿ ಕ್ಯಾಲ್ಸಿಯಮ್‌ನ ಜಾಗದಲ್ಲಿ ಕ್ಯಾಲ್ಸಿಯಮ್‌ಗಿಂತ ಬಿಗಿಯಾಗಿ ಕೂರುತ್ತದೆ.

ಮೊದಲ ಪೆಟ್ಟು ಬೀಳುವುದು ಕ್ಯಾಲ್ಸಿಯಮ್ ಪಂಪಿಗೆ. ಮುಕ್ತ ಕ್ಯಾಲ್ಸಿಯಮ್ ಕಣದ ಒಳಗಿಗಿಂತ ಹೊರಗೆ ಸುಮಾರು 10,000 ಪಟ್ಟು ಹೆಚ್ಚು. ಒಳಗೆ ಸೋರಿದ್ದನ್ನು ಈ ಪಂಪು ಎಟಿಪಿ ಖರ್ಚು ಮಾಡಿ ಹೊರದಬ್ಬುತ್ತಲೇ ಇರಬೇಕು. ಲ್ಯಾಂಥನಮ್ ಅದನ್ನು ಕೆಲಸದ ನಡುವೆಯೇ ಕಟ್ಟಿಹಾಕುತ್ತದೆ.

ಗ್ಯಾಡೋಲಿನಿಯಮ್‌ನ ಗುರಿ ಬೇರೆ. ಕಿರಿದಾದ ಲೋಮನಾಳದಲ್ಲಿ ಕಣ ಹಿಂಡಿಕೊಂಡು ಸಾಗುವಾಗ ಪೊರೆಯ ‘ಪಿಯೆಝೋ1’ ಎಂಬ ಬಾಗಿಲು ತೆರೆದು ಕ್ಯಾಲ್ಸಿಯಮ್ ಒಳನುಗ್ಗುತ್ತದೆ. ಬೆನ್ನಿಗೇ ಪೊಟ್ಯಾಸಿಯಮ್ ಮತ್ತು ನೀರು ಹೊರಬಿದ್ದು ಕಣ ಕುಗ್ಗುತ್ತದೆ. ಗ್ಯಾಡೋಲಿನಿಯಮ್ ಆ ಬಾಗಿಲನ್ನೇ ಮುಚ್ಚುತ್ತದೆ.

ಸಯಾಲಿಕ್ ಆಮ್ಲದಿಂದಾಗಿ ಕಣಗಳ ಹೊರಮೈ ಋಣಾವೇಶ ಹೊತ್ತು ಒಂದನ್ನೊಂದು ದೂರವಿಡುತ್ತದೆ. ಮೂರು ಧನಾವೇಶದ ಅಯಾನುಗಳು ಅದನ್ನು ತಣಿಸಿದರೆ ಕಣಗಳು ಗುಂಪುಗಟ್ಟುತ್ತವೆ, ಕೆಲವೊಮ್ಮೆ ಬೆಸೆದುಕೊಳ್ಳುತ್ತವೆ; ಪ್ರಮಾಣ ಹೆಚ್ಚಿದರೆ ಒಡೆದು ಹಿಮೋಗ್ಲೋಬಿನ್ ಹೊರಚೆಲ್ಲುತ್ತವೆ. ಇವೆಲ್ಲ ಮುಖ್ಯವಾಗಿ ಪ್ರಯೋಗನಳಿಕೆಯ ನೋಟಗಳೆಂಬುದು ನೆನಪಿರಲಿ: ಜೀವಂತ ರಕ್ತದಲ್ಲಿ ಫಾಸ್ಫೇಟ್ ಮತ್ತು ಪ್ರೋಟೀನುಗಳು ಮುಕ್ತ ಅಯಾನುಗಳನ್ನು ಬೇಗ ಹಿಡಿದುಬಿಡುತ್ತವೆ. ಎಂಆರ್‌ಐ ತಪಾಸಣೆಗೆ ಚುಚ್ಚುವ ಗ್ಯಾಡೋಲಿನಿಯಮ್ ಕೂಡ ಸಾವಯವ ಅಣುವೊಂದರ ಹಿಡಿತದಲ್ಲೇ ಇರುತ್ತದೆ.

ಸಂಶೋಧಕರಿಗೆ ಈ ಲೋಹಗಳು ಉಪಕರಣವೂ ಹೌದು. 1982ರಲ್ಲಿ ಡಿಸ್ಪ್ರೋಸಿಯಮ್ ಸಂಯುಕ್ತವೊಂದನ್ನು ಬಳಸಿ, ಕಣದ ಒಳಗಿನ ಮತ್ತು ಹೊರಗಿನ ಸೋಡಿಯಮ್‌ನ ಎನ್‌ಎಂಆರ್ ಸಂಕೇತಗಳನ್ನು ಕಣ ಒಡೆಯದೆಯೇ ಬೇರ್ಪಡಿಸಿ ತೋರಿಸಲಾಯಿತು.