ರಾಸ್ಪ್‌ಬೆರಿ ಪೈನಲ್ಲಿ ಕೋಡಿ: ನವೀಕರಣಕ್ಕೆ ಮುನ್ನ ವಿದ್ಯುತ್ ನೋಡಿಕೊಳ್ಳಿ

ಚಲನಚಿತ್ರ, ಹಾಡು, ಮನೆಯ ಮದುವೆ ವಿಡಿಯೊಗಳನ್ನು ಟಿವಿಯಲ್ಲಿ ನೋಡಲು ನೆರವಾಗುವ ಉಚಿತ ತಂತ್ರಾಂಶ ಕೋಡಿ. 2014ರವರೆಗೆ ಇದರ ಹೆಸರು ಎಕ್ಸ್‌ಬಿಎಂಸಿ. ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈನಲ್ಲಿ ಇದನ್ನು ನಡೆಸಲೆಂದೇ ಇರುವ ಪುಟ್ಟ ಕಾರ್ಯಾಚರಣ ವ್ಯವಸ್ಥೆಗಳಲ್ಲಿ 2016ರಲ್ಲಿ ಆರಂಭವಾದ ಲಿಬ್ರೆಎಲೆಕ್ ಒಂದು.

ಹೊಂದಾಣಿಕೆ: ಚಿತ್ರ ತಡವರಿಸಿದರೆ ದೋಷ ಯಂತ್ರದ್ದೇ ಆಗಿರಬೇಕಿಲ್ಲ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮುಗಳಿರುತ್ತವೆ. ಪರದೆ 60 ಹರ್ಟ್ಸ್‌ನಲ್ಲೇ ನಿಂತಿದ್ದರೆ ಚಲನೆ ಕುಂಟುತ್ತದೆ. ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ ಆಯ್ಕೆಯನ್ನು ಚಾಲನೆಗೊಳಿಸಿದರೆ ಟಿವಿ ಒಪ್ಪುವ ಮಟ್ಟಿಗೆ ಇದು ಸರಿಹೋಗುತ್ತದೆ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಅಗತ್ಯ. ಅದರ ಪ್ರೊಸೆಸರ್ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ವೇಗ ತಾನಾಗಿಯೇ ಇಳಿಯುತ್ತದೆ. ಗಾಳಿಯಾಡುವಲ್ಲಿ ಇಡುವುದು ಲೇಸು.

ನವೀಕರಣ: 2021ರಲ್ಲಿ ಕೋಡಿ 19 ಪೈಥಾನ್ 3ಕ್ಕೆ ಬದಲಾದಾಗ ಹಳೆಯ ಆಡ್-ಆನ್‌ಗಳು ಅನೇಕ ಕಡೆ ಸ್ಥಗಿತಗೊಂಡವು. ಆದ್ದರಿಂದ ಮೊದಲು ಲಿಬ್ರೆಎಲೆಕ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ನಕಲಿಸಿಕೊಳ್ಳಬೇಕು. ನವೀಕರಣದ ನಡುವೆ ವಿದ್ಯುತ್ ಕಡಿತವಾದರೆ ಮೆಮೊರಿ ಕಾರ್ಡ್ ಕೆಡುವ ಅಪಾಯವಿದೆ. ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಗುಡುಗು ಮಳೆಯ ಸಂಜೆ ಈ ಕೆಲಸಕ್ಕೆ ಕೈಹಾಕದಿರುವುದೇ ಒಳಿತು. ಯುಪಿಎಸ್ ಇದ್ದರೆ ಇನ್ನೂ ಕ್ಷೇಮ. ಬ್ಯಾಕಪ್‌ನಲ್ಲಿ ವಿಡಿಯೊಗಳು ಸೇರುವುದಿಲ್ಲ. ಮದುವೆ ವಿಡಿಯೊಗಳ ಮತ್ತೊಂದು ಪ್ರತಿಯನ್ನು ಬೇರೆಡೆ ಇಟ್ಟಿರಬೇಕು.